ಬೂದಿ ಮುಚ್ಚಿದ ಕೆಂಡ: ಮಕ್ಕಳ ಜೊತೆ ಹೊಲದಲ್ಲಿ ಒಲೆ ಹೂಡುವ ಮುನ್ನ

ಸಂಕ್ರಾಂತಿ ಹತ್ತಿರ ಬಂತು ಅಂದ್ರೆ ನಮ್ಮ ಮನೆಗೆ ಮೊದಲು ಬರೋ ಫೋನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಿಂದ. ಅಕ್ಕನ ಮಕ್ಕಳದ್ದು. "ಮಾಮ, ಈ ಸಲ ಹೊಲದಲ್ಲಿ ಅಡುಗೆ ಮಾಡೋಣ್ವಾ? ಅವರೆಕಾಯಿ ಬಂದಿದೆಯಾ?" ಹುಡುಗನಿಗೆ ಒಂಬತ್ತು ವರ್ಷ, ಹುಡುಗಿಗೆ ಏಳು. ನಮ್ಮ ಜಮೀನು ಇರೋದು ಬಂಗಾರಪೇಟೆಯಿಂದ ಬೂದಿಕೋಟೆ ಕಡೆ ಹೋಗುವ ರಸ್ತೆಯಲ್ಲಿ. ಮೂರು ಎಕರೆ. ರಾಗಿ, ರಾಗಿ ಮಧ್ಯೆ ಅಕ್ಕಡಿ ಸಾಲಿನಲ್ಲಿ ಅವರೆ, ಒಂದು ಕಡೆ ಟೊಮೆಟೊ, ಬದುವಿನಲ್ಲಿ ಒಂದಷ್ಟು ಮಾವಿನ ಮರ.

ಎರಡು ವರ್ಷದ ಹಿಂದೆ ಇದೇ ಹೊಲದಲ್ಲಿ ಆ ಚಿಕ್ಕವಳು ಪಾದ ಸುಟ್ಟುಕೊಂಡಳು. ತಪ್ಪು ಅವಳದ್ದಲ್ಲ, ನನ್ನದು. ಅಡುಗೆ ಆಯ್ತು, ಊಟ ಆಯ್ತು, ಕತ್ತಲಾಗುತ್ತಿದೆ ಅಂತ ನಾನು ಸನಿಕೆಯಲ್ಲಿ ಮಣ್ಣು ಎಳೆದು ಒಲೆ ಮುಚ್ಚಿದೆ. ಹೊಗೆ ನಿಂತಿತು, ಬೆಂಕಿ ಕಾಣಿಸಲಿಲ್ಲ, ಆರಿತು ಅಂದುಕೊಂಡೆ. ಅರ್ಧ ಗಂಟೆ ಆದಮೇಲೆ ಮಕ್ಕಳು ಬರಿಗಾಲಲ್ಲಿ ಓಡಿ ಆಡುತ್ತಿದ್ದಾಗ ಅವಳು ಸರಿಯಾಗಿ ಆ ಮಣ್ಣಿನ ಮೇಲೆ ಕಾಲಿಟ್ಟಳು. ಮಣ್ಣಿನ ಕೆಳಗೆ ಕೆಂಡ ಹಾಗೇ ಇತ್ತು. ಯಾರೋ ಟೂತ್‌ಪೇಸ್ಟ್ ತಂದು ಬಳಿದರು. ಆಸ್ಪತ್ರೆಯಲ್ಲಿ ಅದನ್ನು ತೊಳೆದು ತೆಗೆಯುವಾಗ ಆ ಮಗು ಅತ್ತಿದ್ದು ಸುಟ್ಟಾಗ ಅತ್ತಿದ್ದಕ್ಕಿಂತ ಜಾಸ್ತಿ. ಹದಿನೈದು ದಿನ ಅವಳು ಕಾಲು ನೆಲಕ್ಕೆ ಊರಲಿಲ್ಲ. ಒಂದು ವರ್ಷ ಅಕ್ಕ ಮಕ್ಕಳನ್ನು ಹೊಲಕ್ಕೆ ಕಳಿಸಲಿಲ್ಲ. ನಾನೂ ಕರೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೆಯೋದು?

"ಬೂದಿ ಮುಚ್ಚಿದ ಕೆಂಡ" ಅಂತ ದಿನಾ ಮಾತಲ್ಲಿ ಬಳಸುತ್ತೇವೆ. ನಮ್ಮಜ್ಜಿ ರಾತ್ರಿ ಒಲೆಯ ಕೆಂಡದ ಮೇಲೆ ಬೂದಿ ಎಳೆದು ಮಲಗುತ್ತಿದ್ದಳು. ಬೆಳಗ್ಗೆ ಕೆದಕಿದರೆ ಕೆಂಡ ಸಿಗುತ್ತಿತ್ತು, ಬೆಂಕಿಕಡ್ಡಿ ಉಳಿಯುತ್ತಿತ್ತು. ಬೂದಿ, ಮಣ್ಣು ಎರಡೂ ಬಿಸಿಯನ್ನು ಹೊರಗೆ ಬಿಡೋದಿಲ್ಲ, ಒಳಗೇ ಕಾಪಾಡುತ್ತವೆ. ಇಷ್ಟು ನನಗೆ ಗೊತ್ತಿತ್ತು. ಆದರೆ ಗಾದೆಯಲ್ಲಿ ಗೊತ್ತಿದ್ದದ್ದು ಹೊಲದಲ್ಲಿ ನೆನಪಾಗಲಿಲ್ಲ. ಈ ಲೇಖನ ಪೂರ್ತಿ ಓದೋಕೆ ಟೈಮ್ ಇಲ್ಲದವರು ಇದೊಂದನ್ನು ಓದಿಕೊಳ್ಳಿ: ಮಕ್ಕಳು ಇರೋ ಕಡೆ ಬೆಂಕಿಯನ್ನು ನೀರಿನಿಂದ ಆರಿಸಿ, ಮಣ್ಣಿನಿಂದ ಮುಚ್ಚಬೇಡಿ.

ಹಾಗಾದ್ರೆ ಈ ಉಸಾಬರಿ ಯಾಕೆ?

ಇದನ್ನು ನಾನೂ ಕೇಳಿಕೊಂಡಿದ್ದೇನೆ. ನಮ್ಮ ಭಾವ ಬೆಂಗಳೂರಿನಲ್ಲಿ ಕೆಲಸ ಮಾಡ್ತಾರೆ. ಮಾರಿಕುಪ್ಪಂನಿಂದ ಬೆಳಗ್ಗೆ ಹೊರಡೋ ರೈಲಿಗೆ ಹೋದರೆ ವಾಪಸ್ ಬರೋದು ರಾತ್ರಿ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಮನೆಗಳ ದಿನಚರಿ ಇದೇ. ಮಕ್ಕಳು ಅಪ್ಪನನ್ನು ನೋಡೋದು ಭಾನುವಾರ. ಉಳಿದ ದಿನ ಸ್ಕೂಲು, ಟ್ಯೂಷನ್ನು, ಮೊಬೈಲು. ಅವರು ಟೊಮೆಟೊ ನೋಡಿರೋದು ಕ್ರೇಟಿನಲ್ಲಿ, ಬೆಂಕಿ ನೋಡಿರೋದು ಗ್ಯಾಸ್ ಸ್ಟೌವಿನಲ್ಲಿ. ಹಳ್ಳಿಯಲ್ಲಿರೋ ನಮ್ಮ ಮಕ್ಕಳದ್ದೂ ಈಗ ಹೆಚ್ಚು ಕಡಿಮೆ ಅದೇ ಕಥೆ. ಮನೆಮನೆಗೆ ಗ್ಯಾಸ್ ಬಂದಿದೆ, ಒಳ್ಳೆಯದೇ. ಆದರೆ ಸೌದೆ ಒಲೆ ಕಂಡಿಲ್ಲದ ಮಗುವಿಗೆ ಕೆಂಡ ಅಂದ್ರೆ ಏನು, ಕಿಡಿ ಯಾವ ಕಡೆ ಹಾರುತ್ತೆ, ಯಾವಾಗ ದೂರ ನಿಲ್ಲಬೇಕು, ಇದ್ಯಾವುದೂ ಗೊತ್ತಿರೋದಿಲ್ಲ. ಸಂಕ್ರಾಂತಿ ದಿನ ದನಕ್ಕೆ ಕಿಚ್ಚು ಹಾಯಿಸುವಾಗ ಮಾತ್ರ ದೊಡ್ಡ ಬೆಂಕಿ ನೋಡುತ್ತವೆ, ಅದೂ ವಿಡಿಯೋ ಮಾಡುತ್ತಾ.

ಒಂದು ಮಧ್ಯಾಹ್ನ ಹೊಲದಲ್ಲಿ ಅಡುಗೆ ಮಾಡಿದರೆ ಬೆಳೆ, ಬೆಂಕಿ, ಊಟ ಮೂರನ್ನೂ ಒಟ್ಟಿಗೆ ಕಲಿಯುತ್ತವೆ. ಖರ್ಚು ಇಲ್ಲ. ಬೇಕಾಗಿರೋದು ತಯಾರಿ ಮತ್ತು ಪೂರ್ತಿ ಗಮನ ಕೊಡೋ ಇಬ್ಬರು ದೊಡ್ಡವರು. ಒಬ್ಬರು ಒಲೆ ನೋಡಬೇಕು, ಇನ್ನೊಬ್ಬರು ಮಕ್ಕಳನ್ನು ನೋಡಬೇಕು. ಒಬ್ಬರೇ ಇದ್ದರೆ ಆ ದಿನ ಒಲೆ ಹಚ್ಚಬೇಡಿ.

ಜಾಗ ಹೇಗಿರಬೇಕು?

ರಾಗಿ ಕೊಯ್ದು ಖಾಲಿಯಾದ, ಗಟ್ಟಿಯಾದ ನೆಲ ಒಳ್ಳೆಯದು. ಸುತ್ತ ಹತ್ತು ಅಡಿ ಕೂಳೆ, ಒಣಹುಲ್ಲು, ತರಗೆಲೆ ಕಿತ್ತು ಗುಡಿಸಿ. ಹುಲ್ಲಿನ ಬಣವೆ ಕಣ್ಣಿಗೆ ಕಾಣುವಷ್ಟು ಹತ್ತಿರ ಇದ್ದರೂ ಗಾಳಿ ಯಾವ ಕಡೆಗೆ ಬೀಸುತ್ತಿದೆ ನೋಡಿ; ಬಣವೆ ಕಡೆಗೆ ಬೀಸುತ್ತಿದ್ದರೆ ಜಾಗ ಬದಲಿಸಿ. ಮಾವಿನ ಮರದ ನೆರಳು ಚೆನ್ನಾಗಿರುತ್ತೆ ಅಂತ ಅಲ್ಲಿ ಒಲೆ ಹೂಡಬೇಡಿ. ಈಗ ಹೂ ಬಿಡುವ ಕಾಲ, ಕೆಳಗಿನ ಬಿಸಿಗೆ ಕೊಂಬೆ ಬಾಡುತ್ತೆ. ನೆರಳಲ್ಲಿ ಮಕ್ಕಳು ಕೂರಲಿ, ಒಲೆ ಬಯಲಲ್ಲಿರಲಿ.

ನಮ್ಮಂಥ ಹೊಲಗಳಲ್ಲಿ ಇನ್ನೊಂದು ವಿಷಯ ಇದೆ. ನೆಲದ ಕೆಳಗೆ ಪೈಪು, ಮೋಟರಿನ ಕೇಬಲ್ಲು ಹೋಗಿರುತ್ತೆ, ಮೇಲೆ ಡ್ರಿಪ್ ಲ್ಯಾಟರಲ್ ಬಿದ್ದಿರುತ್ತೆ. ಎಲ್ಲಿ ಹೋಗಿದೆ ಅಂತ ನಿಮಗೆ ಗೊತ್ತು, ನೆನಪು ಮಾಡಿಕೊಂಡು ಜಾಗ ಆರಿಸಿ. ಕರೆಂಟ್ ತಂತಿ ಕೆಳಗೆ ಬೇಡ.

ಒಲೆಗೆ ಮೂರು ಕಲ್ಲು ಅಂತ ಕೆರೆ, ಕಾಲುವೆಯಿಂದ ಒದ್ದೆ ಕಲ್ಲು ತರಬೇಡಿ. ಒಳಗೆ ನೀರಿನಂಶ ಇರೋ ಕಲ್ಲು ಬಿಸಿಗೆ ಸಿಡಿಯುತ್ತೆ. ಇಟ್ಟಿಗೆ ಇದ್ದರೆ ಇನ್ನೂ ಒಳ್ಳೆಯದು.

ಕೆಜಿಎಫ್ ಕಡೆಯವರಿಗೆ ಒಂದು ಮಾತು. ಸೈನೈಡ್ ದಿಬ್ಬಗಳ ಮೇಲೆ, ಅದರ ಬುಡದಲ್ಲಿ ಪಿಕ್‌ನಿಕ್ ಬೇಡ. ಮಕ್ಕಳಿಗೆ ಅದು ಜಾರುಬಂಡೆ ಥರ ಕಾಣುತ್ತೆ ನಿಜ. ಆದರೆ ಅದು ಅದಿರು ಅರೆದು, ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಗಣಿ ತ್ಯಾಜ್ಯ. ಗಾಳಿಗೆ ಏಳೋ ಆ ಧೂಳು ಊಟದ ತಟ್ಟೆಗೆ ಬರಬಾರದು. ಅಲ್ಲಿ ನಿಂತ ನೀರು ಮುಟ್ಟಲೂ ಬೇಡಿ.

ಕಾಮಸಮುದ್ರ, ಬೂದಿಕೋಟೆ ಸುತ್ತ ಕಾಡಂಚಿನಲ್ಲಿ ಇರೋರಿಗೆ ಆನೆ ವಿಷಯ ನಾನು ಹೇಳಬೇಕಾಗಿಲ್ಲ. ನಾವು ಮಧ್ಯಾಹ್ನ ಮೂರಕ್ಕೆ ಒಲೆ ಹಚ್ಚಿ, ನಾಲ್ಕೂವರೆಗೆ ಊಟ ಮಾಡಿ, ಐದಕ್ಕೆಲ್ಲ ಬೆಂಕಿ ಆರಿಸೋಕೆ ಶುರು ಮಾಡ್ತೀವಿ. ಕತ್ತಲಾಗೋ ಮುಂಚೆ ಮನೆ ಸೇರಿರಬೇಕು. ಎರಡು ವರ್ಷದ ಹಿಂದೆ ನಾನು ಅವಸರ ಮಾಡಿದ್ದೇ ಕತ್ತಲಾಯ್ತು ಅಂತ.

ನೀರು ಮೊದಲು, ಬೆಂಕಿ ಆಮೇಲೆ

ಬೋರ್ ಇದೆಯಲ್ಲ ಅಂತ ನಂಬಬೇಡಿ. ತ್ರೀಫೇಸ್ ಕರೆಂಟ್ ಯಾವಾಗ ಇರುತ್ತೋ, ಯಾವಾಗ ಹೋಗುತ್ತೋ. ಬೆಂಕಿಕಡ್ಡಿ ಗೀರೋ ಮುಂಚೆ ಒಲೆ ಪಕ್ಕ ಎರಡು ಬಕೆಟ್ ನೀರು, ಸ್ವಲ್ಪ ದೂರದಲ್ಲಿ ಒಂದು ಡ್ರಮ್ ನೀರು ತುಂಬಿ ಇರಬೇಕು. ಬಕೆಟ್ ಬೆಂಕಿಗೆ, ಡ್ರಮ್ ಯಾರಿಗಾದರೂ ಸುಟ್ಟರೆ ತೊಳೆಯೋಕೆ. ಔಷಧಿ ಕಲಸೋ ಡ್ರಮ್ಮು, ಬಕೆಟ್ಟು, ಮಗ್ಗು ಯಾವುದನ್ನೂ ಇದಕ್ಕೆ ತರಬೇಡಿ, ಎಷ್ಟು ಸಲ ತೊಳೆದಿದ್ದರೂ ಅಷ್ಟೆ.

ಅಡುಗೆಗೆ, ಕುಡಿಯೋಕೆ ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತನ್ನಿ. ನಮ್ಮ ಜಿಲ್ಲೆಯ ಆಳದ ಬೋರ್ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಇರೋದು ಎಲ್ಲರಿಗೂ ಗೊತ್ತಿರೋದೇ. ಕೆರೆ ನೀರು ಅಡುಗೆಗೆ ಬೇಡ.

ಯಾವ ಸೌದೆ?

ರೇಷ್ಮೆ ಮಾಡೋರ ಹತ್ತಿರ ಒಣಗಿದ ಹಿಪ್ಪುನೇರಳೆ ಕಡ್ಡಿ ಇದ್ದೇ ಇರುತ್ತೆ. ಸಣ್ಣ ಒಲೆಗೆ ಅದು ಹೇಳಿ ಮಾಡಿಸಿದ್ದು, ಬೇಗ ಹತ್ತಿಕೊಳ್ಳುತ್ತೆ. ಕೆಂಡ ಬೇಕು ಅಂದ್ರೆ ಜಾಲಿ, ಹುಣಸೆ. ಹಚ್ಚೋಕೆ ಒಣ ತೆಂಗಿನ ನಾರು, ಒಂದೆರಡು ಕರ್ಪೂರ ಸಾಕು. ಸೀಮೆಎಣ್ಣೆ, ಪೆಟ್ರೋಲ್, ಡೀಸೆಲ್ ಹೊಲಕ್ಕೆ ತರಲೇಬೇಡಿ. ಉರಿಯೋ ಒಲೆಗೆ ಪೆಟ್ರೋಲ್ ಸುರಿದರೆ ಬೆಂಕಿ ನಿಮ್ಮ ಕೈಗೇ ಹತ್ತುತ್ತೆ.

ಬೇಡದ್ದು:

- ಹಳೆಯ ಟೊಮೆಟೊ ಊರುಗೋಲು. ಒಣಗಿರುತ್ತೆ, ಕೈಗೆ ಸಿಗುತ್ತೆ, ನಾನೂ ಮೊದಲು ಹಾಕುತ್ತಿದ್ದೆ. ಆದರೆ ಗಿಡಕ್ಕೆ ಹೊಡೆದ ಔಷಧಿ ಇಡೀ ಸೀಸನ್ ಅದರ ಮೇಲೂ ಬಿದ್ದಿರುತ್ತೆ, ಪ್ಲಾಸ್ಟಿಕ್ ದಾರವೂ ಸುತ್ತಿಕೊಂಡಿರುತ್ತೆ.
- ಮಲ್ಚಿಂಗ್ ಶೀಟು, ಡ್ರಿಪ್ ಪೈಪು, ಗೊಬ್ಬರದ ಚೀಲ, ಔಷಧಿ ಕವರು. ಇವನ್ನು ಯಾವ ಒಲೆಗೂ ಹಾಕಬಾರದು.
- ನೀಲಗಿರಿ ಎಲೆ. ಎಣ್ಣೆ ಅಂಶ ಇರೋದ್ರಿಂದ ಭಗ್ ಅಂತ ಉರಿದು ಕಿಡಿ ಹಾರುತ್ತೆ.
- ಕಣಗಿಲೆ, ಎಕ್ಕ, ಕಳ್ಳಿ. ಕಣಗಿಲೆ ಪೂರ್ತಿ ವಿಷ; ಉರಿಸೋಕೂ ಬೇಡ, ಅದರ ಕಡ್ಡಿಗೆ ಏನನ್ನಾದರೂ ಚುಚ್ಚಿ ಸುಡೋಕಂತೂ ಬೇಡವೇ ಬೇಡ. ಎಕ್ಕ, ಕಳ್ಳಿ ಹಾಲು ಕಣ್ಣಿಗೆ ಬಿದ್ದರೆ ಕಷ್ಟ.

ಗೆರೆ ಮತ್ತು ಕೆಲಸ ಹಂಚಿಕೆ

ಮತ್ತೆ ಶುರು ಮಾಡಿದಾಗ ನಮ್ಮಮ್ಮ ಒಂದು ಉಪಾಯ ಮಾಡಿದರು. ಒಲೆ ಸುತ್ತ ಎರಡು ದೊಡ್ಡ ಹೆಜ್ಜೆ ದೂರದಲ್ಲಿ ರಂಗೋಲಿ ಪುಡಿಯಲ್ಲಿ ದುಂಡಗೆ ಗೆರೆ ಎಳೆದರು. ಹೆಸರು ಕರೆದರೆ ಮಾತ್ರ ಗೆರೆ ದಾಟಬೇಕು, ಒಂದು ಸಲಕ್ಕೆ ಒಬ್ಬರೇ. ಮಕ್ಕಳು ಅದಕ್ಕೆ ಲಕ್ಷ್ಮಣ ರೇಖೆ ಅಂತ ಹೆಸರಿಟ್ಟಿದ್ದಾರೆ. "ಹುಷಾರು, ಹುಷಾರು" ಅಂತ ನೂರು ಸಲ ಕೂಗೋದಕ್ಕಿಂತ ಈ ಗೆರೆ ಚೆನ್ನಾಗಿ ಕೆಲಸ ಮಾಡುತ್ತೆ. ದೊಡ್ಡವರು ಸುಮ್ಮನೆ ಒಳಗೆ ಹೋದರೂ ಹಿಡಿದು ಕೇಳ್ತಾರೆ.

ಕಾಲಿಗೆ ಶೂ ಕಡ್ಡಾಯ. ಮೈಮೇಲೆ ಕಾಟನ್ ಬಟ್ಟೆ. ನೈಲಾನ್, ಪಾಲಿಸ್ಟರ್ ಬಟ್ಟೆ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತೆ. ಜಡೆ ಕಟ್ಟಿರಬೇಕು, ದುಪಟ್ಟಾ ಮನೆಯಲ್ಲಿರಲಿ. ಉಬ್ಬಸ ಇರೋ ಮಗುವನ್ನು ಹೊಗೆ ಹತ್ತಿರ ಕೂರಿಸಬೇಡಿ.

ಕೆಲಸ ಇಲ್ಲದ ಮಗು ಬೆಂಕಿ ಹತ್ತಿರ ಬರುತ್ತೆ. ಅದಕ್ಕೇ ಎಲ್ಲರಿಗೂ ಕೆಲಸ ಕೊಡಿ.

- 3ರಿಂದ 5 ವರ್ಷ: ಅವರೆಕಾಯಿ, ಟೊಮೆಟೊ ತೊಳೆಯೋದು, ಕೊತ್ತಂಬರಿ ಚಿವುಟೋದು, ಎಲೆ ಹಾಕೋದು. ಎಲ್ಲವೂ ಗೆರೆಯ ಹೊರಗೆ.
- 6ರಿಂದ 8 ವರ್ಷ: ಸೌದೆಯನ್ನು ಬೆರಳು ಗಾತ್ರ, ಕೈ ಗಾತ್ರ ಅಂತ ಬೇರೆ ಮಾಡೋದು, ಹಿಟ್ಟು ಕಲಸೋದು, ರೊಟ್ಟಿ ತಟ್ಟೋದು, ಸುಟ್ಟು ಆರಿದ ಟೊಮೆಟೊ ಸಿಪ್ಪೆ ತೆಗೆಯೋದು.
- 9ರಿಂದ 12 ವರ್ಷ: ದೊಡ್ಡವರು ಪಕ್ಕದಲ್ಲಿ ನಿಂತಾಗ ಉದ್ದ ಇಕ್ಕಳದಲ್ಲಿ ಗೆಣಸು ತಿರುಗಿಸೋದು, ಒಲೆಗೆ ಒಂದೊಂದೇ ಕಡ್ಡಿ ಇಡೋದು.

ಮೂರು ಸುಲಭ ಅಡುಗೆ

ಹೊಸದೇನೂ ಇಲ್ಲ. ಆರು ಜನಕ್ಕೆ ಸಾಕಾಗುವ ಲೆಕ್ಕ ಕೊಟ್ಟಿದ್ದೇನೆ.

1. ಬೇಯಿಸಿದ ಅವರೆಕಾಯಿ. ಎರಡು ಕೆಜಿ ಎಳೆಯದಲ್ಲದ, ಕಾಳು ತುಂಬಿದ ಕಾಯಿ. ಮಕ್ಕಳೇ ಬಿಡಿಸಿಕೊಂಡು ಬರಲಿ. ಕೈಗೆ ಸೊಗಡು ಅಂಟಿದರೆ ಅದೇ ಒಂದು ಖುಷಿ. ತೊಳೆದು, ಮುಳುಗುವಷ್ಟು ನೀರು, ಎರಡು ಚಮಚ ಉಪ್ಪು ಹಾಕಿ, ಮುಚ್ಚಳ ಮುಚ್ಚಿ 25 ನಿಮಿಷ ಬೇಯಿಸಿ. ಒಂದು ಕಾಳು ತೆಗೆದು ಹಿಸುಕಿ ನೋಡಿ, ಬೆಣ್ಣೆ ಥರ ಹಿಸುಕಬೇಕು. ಹಸಿ ಅವರೆಕಾಳು ಮಕ್ಕಳು ತಿನ್ನೋದು ಬೇಡ. ನೀರು ಬಸಿಯೋದು ದೊಡ್ಡವರ ಕೆಲಸ. ಆ ಹೊತ್ತಿಗೆ ಮಕ್ಕಳೆಲ್ಲ ಗೆರೆಯ ಹೊರಗೆ.

2. ಕೆಂಡದ ಗೆಣಸು. ಉರಿಯಲ್ಲಿ ಹಾಕಿದರೆ ಹೊರಗೆ ಕರಕಲು, ಒಳಗೆ ಹಸಿ. ಉರಿ ಇಳಿದು ಕೆಂಡ ಆದಮೇಲೆ ಕೆಂಡದ ಅಂಚಿಗಿಟ್ಟು ಬೂದಿ ಎಳೆಯಿರಿ. ಮಧ್ಯಮ ಗಾತ್ರದ್ದು 30ರಿಂದ 40 ನಿಮಿಷ, ಮಧ್ಯೆ ಎರಡು ಸಲ ತಿರುಗಿಸಿ. ಕಡ್ಡಿ ಚುಚ್ಚಿದರೆ ಸಲೀಸಾಗಿ ಒಳಗೆ ಹೋಗಬೇಕು. ಹೊರಗೆ ತೆಗೆದು ಹತ್ತು ನಿಮಿಷ ಬಿಡಿ. ಸಿಪ್ಪೆ ತಣ್ಣಗಾದರೂ ಒಳಗೆ ಬಾಯಿ ಸುಡುವಷ್ಟು ಬಿಸಿ ಇರುತ್ತೆ, ಮುರಿದು ಆರಿಸಿ ಕೊಡಿ. ಬೂದಿ ಬಿಸಿಯನ್ನು ಹೇಗೆ ಕಾಪಾಡುತ್ತೆ ಅಂತ ಮಕ್ಕಳಿಗೆ ತೋರಿಸೋಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

3. ಸುಟ್ಟ ಟೊಮೆಟೊ ಗೊಜ್ಜು, ರಾಗಿ ರೊಟ್ಟಿ. ಎಂಟು ಹಣ್ಣಾದ ಟೊಮೆಟೊ, ಎರಡು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ. ಟೊಮೆಟೊವನ್ನು ಕೆಂಡದ ಮೇಲೆ ಜಾಲರಿ ಇಟ್ಟು ಸಿಪ್ಪೆ ಬಿರಿಯುವವರೆಗೆ ಸುಡಿ. ಆರಿದ ಮೇಲೆ ಮಕ್ಕಳು ಸಿಪ್ಪೆ ತೆಗೆದು, ತೊಳೆದ ಕೈಯಲ್ಲಿ ಕಿವುಚಲಿ. ಹೆಚ್ಚಿದ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಕೊತ್ತಂಬರಿ, ಒಂದು ಚಮಚ ಕಡಲೆಕಾಯಿ ಎಣ್ಣೆ. ಖಾರ ದೊಡ್ಡವರ ಪಾಲಿಗೆ ಬೇರೆ ಕಲಸಿ. ರೊಟ್ಟಿಗೆ ನಾಲ್ಕು ಲೋಟ ರಾಗಿ ಹಿಟ್ಟು, ಒಂದು ಹಿಡಿ ನುಗ್ಗೆ ಸೊಪ್ಪು, ಈರುಳ್ಳಿ, ಉಪ್ಪು, ಉಗುರು ಬೆಚ್ಚಗಿನ ನೀರು. ಬಾಳೆ ಎಲೆಗೆ ಎಣ್ಣೆ ಸವರಿ ಮಕ್ಕಳು ತಟ್ಟಲಿ. ಕಾವಲಿಗೆ ಬೋರಲು ಹಾಕಿ ಎಲೆ ಬಿಡಿಸೋದು ನಿಮ್ಮ ಕೆಲಸ.

ಟೊಮೆಟೊ ಬಗ್ಗೆ ಒಂದು ಮಾತು. ಮಾರ್ಕೆಟ್ಟಿಗೆ ಹಾಕಿದ ಸಾಲಿನಿಂದ ಕಿತ್ತು ಮಕ್ಕಳಿಗೆ ಕೊಡೋ ಮುಂಚೆ ಕೊನೆಯ ಸ್ಪ್ರೇ ಯಾವಾಗ ಮಾಡಿದ್ದು ನೋಡಿ. ಔಷಧಿ ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಅಂತ ಡಬ್ಬಿಯ ಜೊತೆ ಬರೋ ಚೀಟಿಯಲ್ಲಿ ಇರುತ್ತೆ. ನಾನು ಮನೆಗೆ ಅಂತ ಹತ್ತು ಗಿಡ ಬೇರೆ ಇಟ್ಟಿದ್ದೇನೆ, ಅದಕ್ಕೆ ಔಷಧಿ ಇಲ್ಲ. ಅವರೆಗೂ ಇದೇ ಲೆಕ್ಕ. ಆ ದಿನ ಪಕ್ಕದ ಹೊಲದಲ್ಲಿ ಸ್ಪ್ರೇ ನಡೀತಿದ್ದರೆ ಅಡುಗೆಯನ್ನು ಮುಂದಕ್ಕೆ ಹಾಕಿ.

ಸಿಡಿಯೋ ಪದಾರ್ಥದ ಬಗ್ಗೆಯೂ ಗಮನ ಇರಲಿ. ಮೊಟ್ಟೆಯನ್ನು ನೇರ ಕೆಂಡಕ್ಕೆ ಹಾಕಬೇಡಿ. ಹಲಸಿನ ಬೀಜಕ್ಕೆ ಚಾಕುವಿನಲ್ಲಿ ಗೀರು ಹಾಕಿಯೇ ಸುಡಿ. ಇಡೀ ಕಡಲೆಕಾಯಿ ಬೀಜ ನಾಲ್ಕು ವರ್ಷದ ಒಳಗಿನ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಅವರಿಗೆ ಕೊಡಬೇಡಿ. ಅವರೆಕಾಳನ್ನು ಹಿಸುಕಿ ಕೊಡಿ.

ಆರಿಸೋದೂ ಅಡುಗೆಯ ಭಾಗ

ನಮ್ಮಲ್ಲಿ ಈಗ ಇದಕ್ಕೆ ಅರ್ಧ ಗಂಟೆ ಬೇರೆ ಇಟ್ಟಿದ್ದೇವೆ. ಮೊದಲು ಉಳಿದ ಕೊಳ್ಳಿಗಳನ್ನು ಎಳೆದು ಒಂದೊಂದಾಗಿ ನೀರಿಗೆ ಅದ್ದಿ. ಆಮೇಲೆ ಕೆಂಡದ ಮೇಲೆ ದೂರದಿಂದ ನಿಧಾನವಾಗಿ ನೀರು ಹಾಕಿ. ಒಮ್ಮೆಗೇ ಸುರಿದರೆ ಬಿಸಿ ಹಬೆ, ಬೂದಿ ಮುಖಕ್ಕೆ ಎದ್ದು ಬರುತ್ತೆ. ಕೋಲಿನಿಂದ ಕೆದಕಿ, ಮತ್ತೆ ನೀರು, ಮತ್ತೆ ಕೆದಕಿ. ಚುಸ್ ಅನ್ನೋ ಸದ್ದು ನಿಲ್ಲಬೇಕು. ಒಲೆಯ ಕಲ್ಲು, ಇಟ್ಟಿಗೆಗೂ ನೀರು ಹಾಕಿ ಬಿಡಿ, ಆದರೆ ದೂರದಿಂದ. ಕಾದ ಕಲ್ಲು ತಣ್ಣೀರಿಗೆ ಬಿರಿಯಬಹುದು. ಕೊನೆಗೆ ದೊಡ್ಡವರೊಬ್ಬರು ಕೈಯ ಹಿಂಭಾಗವನ್ನು ಬೂದಿಯ ಮೇಲೆ ಹಿಡಿದು ನೋಡಬೇಕು. ಸ್ವಲ್ಪ ಬಿಸಿ ತಾಗಿದರೂ ಇನ್ನೊಂದು ಬಕೆಟ್. ಮುಟ್ಟಿದರೆ ತಣ್ಣಗಿರಬೇಕು, ಆಗ ಮಾತ್ರ ಮುಗೀತು.

ಎರಡು ದಿನ ಬಿಟ್ಟು ಆ ಬೂದಿಯನ್ನು ತಿಪ್ಪೆಗೆ ತೆಳ್ಳಗೆ ಹರಡಿ. ಪೊಟ್ಯಾಷ್ ಇರುತ್ತೆ, ದಂಡ ಆಗೋದಿಲ್ಲ.

ಮಾರ್ಚಿಯಿಂದ ಮಳೆ ಬರೋವರೆಗೆ ನಾವು ಹೊಲದಲ್ಲಿ ಒಲೆ ಹಚ್ಚೋದಿಲ್ಲ. ಒಣಹುಲ್ಲು, ಬಿಸಿಗಾಳಿ, ಒಂದು ಕಿಡಿ ಸಾಕು.

ಆದರೂ ಸುಟ್ಟರೆ?

ಮೊದಲು ನೀರು. ಸುಟ್ಟ ಜಾಗಕ್ಕೆ ತಣ್ಣನೆಯ ಶುದ್ಧ ನೀರನ್ನು 20 ನಿಮಿಷ ಸುರಿಯುತ್ತಲೇ ಇರಿ. ಐಸ್ ಬೇಡ. ಬಳೆ, ಕಾಲ್ಗೆಜ್ಜೆ, ಉಂಗುರ ಬೇಗ ತೆಗೆಯಿರಿ, ಊದಿಕೊಂಡ ಮೇಲೆ ಬರೋದಿಲ್ಲ. ಚರ್ಮಕ್ಕೆ ಅಂಟಿದ ಬಟ್ಟೆ ಎಳೆಯಬೇಡಿ. ಟೂತ್‌ಪೇಸ್ಟ್, ಇಂಕು, ಅರಿಶಿನ, ಬೆಣ್ಣೆ, ಕಾಫಿಪುಡಿ ಏನೂ ಬಳಿಯಬೇಡಿ. ಬೊಬ್ಬೆ ಒಡೆಯಬೇಡಿ. ಒಗೆದ ತೆಳು ಕಾಟನ್ ಬಟ್ಟೆ ಸಡಿಲವಾಗಿ ಮುಚ್ಚಿ. ಗಾಯ ಮಗುವಿನ ಅಂಗೈಗಿಂತ ದೊಡ್ಡದಿದ್ದರೆ, ಅಥವಾ ಮುಖ, ಕೈ, ಪಾದ, ಕೀಲುಗಳ ಮೇಲಿದ್ದರೆ ನೇರ ಆಸ್ಪತ್ರೆ; 108ಕ್ಕೆ ಫೋನ್ ಮಾಡಿ. ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. "ನಿಲ್ಲು, ಮಲಗು, ಉರುಳು" ಅಂತ ಮಕ್ಕಳಿಗೆ ಮೊದಲೇ ಆಟದ ಥರ ಕಲಿಸಿ. ದಪ್ಪ ಕಂಬಳಿ ಒಂದು ಪಕ್ಕದಲ್ಲಿರಲಿ.

ಹೋದ ವರ್ಷ ಅಕ್ಕನೂ ಮಕ್ಕಳ ಜೊತೆ ಬಂದಿದ್ದಳು. ಇಡೀ ಹೊತ್ತು ಗೆರೆಯ ಹೊರಗೆ ಕೂತು ನನ್ನನ್ನೇ ನೋಡುತ್ತಿದ್ದಳು, ಜಾಸ್ತಿ ಮಾತಾಡಲಿಲ್ಲ. ಕೊನೆಗೆ ಬೆಂಕಿ ಆರಿಸೋ ಹೊತ್ತಿಗೆ ಚಿಕ್ಕವಳು ಶೂ ಹಾಕಿಕೊಂಡೇ ಚೆಂಬು ಹಿಡಿದು ಗೆರೆ ಹತ್ತಿರ ಬಂದು ನಿಂತಳು. ಹೆಸರು ಕರೆಯೋವರೆಗೆ ಒಳಗೆ ಬರಲಿಲ್ಲ. ಕರೆದೆ. ನೀರು ಹಾಕಿದಳು, ನಾನು ಕೆದಕಿದೆ. ಸಾಕು ಅಂದೆ. ಅವಳು ಕೆಳಗೆ ಬಗ್ಗಿ ನೋಡಿ, "ಇಲ್ಲ ಮಾಮ, ಇಲ್ಲಿ ಇನ್ನೂ ಹೊಗೆ ಬರ್ತಿದೆ, ಇನ್ನೊಂದು ಚೆಂಬು" ಅಂದಳು.

ನಿಜವಾಗಿಯೂ ಬರುತ್ತಿತ್ತು.